“ವಿಶ್ವಾಸಿಸುತ್ತೇನೆ” ಎಂದವರು ಅಜ್ಜಿಯೇ



ಪಾಸ್ಖ ಜಾಗರಣೆಯ ರಾತ್ರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ದೇವಾಲಯದ ಹೊರಗೆ ಬೆಂಕಿ ಹೊತ್ತಿಸಿ, ಪಾಸ್ಖ ಮೇಣದ ಬತ್ತಿ ಬೆಳಗಿಸಿ, ಕತ್ತಲೆಯಲ್ಲಿ ಎಲ್ಲರೂ ಒಳಗೆ ನಡೆದು ಬರುತ್ತೇವೆ. ವಾಚನಗಳು ಮುಗಿಯುವ ಹೊತ್ತಿಗೆ ಚಿಕ್ಕ ಮಕ್ಕಳು ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿರುತ್ತಾರೆ. ಆಮೇಲೆ ದೀಕ್ಷಾಸ್ನಾನ. ಕೆಲವು ವರ್ಷ, ಕೆಲವು ಊರುಗಳಲ್ಲಿ, ಆ ಸಾಲಿನಲ್ಲಿ ಒಬ್ಬ ಅಜ್ಜಿಯೂ ನಿಂತಿರುತ್ತಾರೆ. ಹಳ್ಳಿಯವರು, ಎಪ್ಪತ್ತು ದಾಟಿದವರು, ಶಾಲೆಯ ಮೆಟ್ಟಿಲು ಹತ್ತದವರು.

ಅಂಥ ಅಜ್ಜಿಯನ್ನು ನೋಡಿದಾಗ ನಮ್ಮ ಯುವಜನರ ಬೆಂಚಿನಲ್ಲಿ ಪಿಸುಮಾತು ಶುರುವಾಗುತ್ತದೆ. “ಈ ವಯಸ್ಸಲ್ಲಿ ಯಾಕೆ? ಯಾರು ಹೇಳಿಕೊಟ್ಟರೋ! ಅವರಿಗೆ ಏನು ಅರ್ಥವಾಗುತ್ತೆ?” ನಾವೂ ಹಾಗೆ ಕೇಳಿದವರೇ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹಳೆಯ ಚರಿತ್ರೆಯನ್ನು ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಅಜ್ಜಿಯ ಬಗ್ಗೆ ಮಾತಾಡಿದವರು ಬಹಳ ಜನ: ಗುರುಗಳು, ರಾಜಪ್ರತಿನಿಧಿಗಳು, ಸರ್ಕಾರ, ಮಕ್ಕಳು, ಈಗ ನಾವು. ಆದರೆ ದೀಕ್ಷಾಸ್ನಾನದ ವಿಧಿಯಲ್ಲಿ ಒಂದು ಮಾತನ್ನು ಅವರ ಬದಲಿಗೆ ಬೇರೆ ಯಾರೂ ಹೇಳುವಂತಿಲ್ಲ. ಈ ಬರಹ ಆ ಒಂದು ಮಾತಿನ ಬಗ್ಗೆ.

ದಿಂಬಂ ಘಾಟಿ ಇಳಿದರೆ

ನಮ್ಮಲ್ಲಿ ಬಹಳ ಕುಟುಂಬಗಳು ವೇಳಾಂಗಣ್ಣಿಗೆ ಹೋಗುತ್ತವೆ. ಚಾಮರಾಜನಗರದ ಕಡೆಯಿಂದ ಹೊರಟವರು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ಸೇರುತ್ತಾರೆ. ಅಲ್ಲಿಂದ ಮುಂದೆ ಕೊಯಮತ್ತೂರು, ಅವಿನಾಶಿ, ತಿರುಪ್ಪೂರು ಸೀಮೆ. ಬನಿಯನ್ ಫ್ಯಾಕ್ಟರಿಗಳ ಊರು ಎಂದಷ್ಟೇ ತಿರುಪ್ಪೂರು ನಮಗೆ ಗೊತ್ತು. 2009ರಲ್ಲಿ ಅದು ಬೇರೆ ಜಿಲ್ಲೆಯಾಯಿತು. ಆದರೆ ನಮ್ಮ ವಿಶ್ವಾಸದ ಚರಿತ್ರೆಗೆ ಈ ಸೀಮೆ ಹೊರಗಿನದಲ್ಲ.

17ನೇ ಶತಮಾನದ ನಡುವಿನಿಂದ ಈ ಪ್ರದೇಶ ಒಂದೊಂದಾಗಿ ಮೈಸೂರಿನ ಕೈಗೆ ಬಂತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿಯುವ ತನಕ ಕೊಯಮತ್ತೂರು ಮೈಸೂರಿನದೇ. ಹಾಗಾಗಿ ಯೇಸುಸಭೆಯ ಗುರುಗಳು ಕಟ್ಟಿದ ‘ಮೈಸೂರು ಮಿಷನ್’ ಘಟ್ಟದ ಮೇಲಿನ ಶ್ರೀರಂಗಪಟ್ಟಣಕ್ಕೂ, ಘಟ್ಟದ ಕೆಳಗಿನ ಸತ್ಯಮಂಗಲ, ಕರುಮತ್ತಂಪಟ್ಟಿಗೂ ಸೇರಿತ್ತು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು 1648–49ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಈ ಮಿಷನ್ ಆರಂಭಿಸಿದರು. ಕನ್ನಡ ಕಲಿತರು, ಕನ್ನಡ ವ್ಯಾಕರಣ ಬರೆದರು, ಕನ್ನಡದಲ್ಲೇ ಧರ್ಮೋಪದೇಶವನ್ನೂ ಬರೆದರು.

ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿ, ತಿರುಪ್ಪೂರು ಜಿಲ್ಲೆಯ ಗಡಿಗೆ ಹತ್ತಿರ, ಕರುಮತ್ತಂಪಟ್ಟಿ ಇದೆ. ಅಲ್ಲಿನ ಜಪಮಾಲೆ ಮಾತೆಯ ದೇವಾಲಯ ಆ ಸೀಮೆಯ ಹಳೆಯ ವಿಶ್ವಾಸ ಕೇಂದ್ರ. 2019ರಲ್ಲಿ ಅದು ಬಸಿಲಿಕಾ ಆಯಿತು. ಕಾರಿನಲ್ಲಿ ಹೋಗುವವರು ಅರ್ಧ ನಿಮಿಷದಲ್ಲಿ ದಾಟಿ ಹೋಗುವ ಊರು ಅದು. ಮುಂದಿನ ಸಲ ಹೋಗುವಾಗ ಇಳಿದು ಒಂದು ನಮೋ ಮರಿಯ ಹೇಳಿ ಹೋಗಿ. ಆ ಸೀಮೆಯ ಹಳ್ಳಿಗಳಲ್ಲಿ ಈಗಲೂ ಮನೆಯಲ್ಲಿ ಕನ್ನಡ ಆಡುವ ದೇವಾಂಗರು, ಒಕ್ಕಲಿಗರು, ಕುರುಬರು ಇದ್ದಾರೆ. ಬೀದಿಯ ಮಾತು ತಮಿಳು, ಅಕ್ಷರ ತಮಿಳು, ಆದರೆ ಅಜ್ಜಿ ಮೊಮ್ಮಗುವನ್ನು ಗದರಿಸುವ ಮಾತು ಕನ್ನಡ.

ಓದು ಬಾರದವರ ಧರ್ಮೋಪದೇಶ

“ಅವರಿಗೆ ಏನು ಗೊತ್ತು?” ಎಂಬ ಪ್ರಶ್ನೆ ಹೊಸದಲ್ಲ. ಸಂತ ಫ್ರಾನ್ಸಿಸ್ ಝೇವಿಯರ್ 1540ರ ದಶಕದಲ್ಲಿ ತಮಿಳು ಕರಾವಳಿಯ ಮೀನುಗಾರರ ನಡುವೆ ಕೆಲಸ ಮಾಡುವಾಗ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿಕೊಂಡು, ಬೀದಿಯಲ್ಲಿ ಗಂಟೆ ಬಾರಿಸಿ ಜನ ಸೇರಿಸಿ, ಸಾಲು ಸಾಲಾಗಿ ಬಾಯಿಪಾಠ ಮಾಡಿಸುತ್ತಿದ್ದರು. ದೀಕ್ಷಾಸ್ನಾನ ಕೊಟ್ಟು ಕೊಟ್ಟು ತಮ್ಮ ಕೈ ಸೋತು ಹೋಗುತ್ತಿದೆ ಎಂದು 1544ರ ಕಾಗದದಲ್ಲಿ ಬರೆದಿದ್ದಾರೆ. 1578ರಲ್ಲಿ ಕೊಲ್ಲಂನಲ್ಲಿ ಹೆನ್ರಿಕ್ ಹೆನ್ರಿಕ್ಸ್ ಸ್ವಾಮಿಗಳ ‘ತಂಬಿರಾನ್ ವಣಕ್ಕಂ’ ಅಚ್ಚಾಯಿತು. ಭಾರತದ ಭಾಷೆಯೊಂದರ ಅಕ್ಷರದಲ್ಲಿ, ಭಾರತದಲ್ಲೇ ಅಚ್ಚಾದ ಮೊದಲ ಪುಸ್ತಕ ಅದು. ಅದೂ ಧರ್ಮೋಪದೇಶವೇ.

ಆದರೆ ಪುಸ್ತಕ ಇದ್ದದ್ದು ಉಪದೇಶಿಗಳ ಕೈಯಲ್ಲಿ. ಗುರುಗಳು ಒಂದು ಹಳ್ಳಿಗೆ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಉಳಿದ ದಿನವೆಲ್ಲ ಉಪದೇಶಿಯೇ. ವೀರಮಾಮುನಿವರ್ ಎಂದು ತಮಿಳರು ಕರೆಯುವ ಬೆಸ್ಕಿ ಸ್ವಾಮಿಗಳು ಈ ಉಪದೇಶಿಗಳು ಹೇಗೆ ನಡೆದುಕೊಳ್ಳಬೇಕೆಂದೇ ‘ವೇದಿಯರ್ ಒಳುಕ್ಕಂ’ ಎಂಬ ಪುಸ್ತಕ ಬರೆದರು. ಅಕ್ಷರ ಬಾರದ ಹೆಂಗಸು ಹೊಲದ ಕೆಲಸ ಮುಗಿಸಿ ಬಂದು, ಕೇಳಿಸಿಕೊಂಡು, ತಿರುಗಿ ಹೇಳಿ, ಪರಲೋಕ ಮಂತ್ರ ಕಲಿಯಬೇಕಿತ್ತು.

ಇದನ್ನು ಕೀಳಾಗಿ ನೋಡುವುದು ಬೇಡ. ಆದಿ ಧರ್ಮಸಭೆಯಲ್ಲೂ ಹೀಗೇ ಇತ್ತು. 4–5ನೇ ಶತಮಾನದಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ವಿಶ್ವಾಸ ಸಂಗ್ರಹವನ್ನು ಬಾಯಿಂದಲೇ ಒಪ್ಪಿಸುತ್ತಿದ್ದರು. ಕೆಲವು ದಿನದ ನಂತರ ಅವರು ಅದನ್ನು ಬಾಯಿಂದಲೇ ತಿರುಗಿ ಒಪ್ಪಿಸಬೇಕಿತ್ತು. ಅದನ್ನು ಬರೆದಿಟ್ಟುಕೊಳ್ಳಬೇಡಿ, ಹೃದಯದಲ್ಲಿ ಇಟ್ಟುಕೊಳ್ಳಿ ಎಂದು ಸಂತ ಅಗಸ್ಟೀನರು ಪ್ರಬೋಧನೆಯಲ್ಲಿ ಹೇಳುತ್ತಿದ್ದರು. ಓದು ಬಾರದ ಅಜ್ಜಿ ಕೇಳಿ ಕಲಿತು ಹೇಳುತ್ತಾರೆ ಎಂದರೆ ಅದು ಕೊರತೆಯಲ್ಲ, ಹಳೆಯ ಕ್ರಮ. ಮೊಬೈಲ್ ನೋಡದೆ ಪೂರ್ತಿ ವಿಶ್ವಾಸ ಸಂಗ್ರಹ ಹೇಳಿ ಎಂದರೆ ನಮ್ಮಲ್ಲಿ ಎಷ್ಟು ಜನ ಹೇಳುತ್ತೇವೆ?

ಎಂಜಲಿನ ಜಗಳ, ಹೆಸರಿನ ಜಗಳ

ಹಳೆಯ ವಿಧಿಯಲ್ಲಿ ದೀಕ್ಷಾಸ್ನಾನದ ಮುಂಚೆ ಗುರುಗಳು ತಮ್ಮ ಎಂಜಲನ್ನು ಬೆರಳಿಗೆ ತಾಗಿಸಿ, ಬರುವವರ ಕಿವಿ ಮತ್ತು ಮೂಗಿಗೆ ಮುಟ್ಟಿಸಬೇಕಿತ್ತು. ಕಿವುಡನನ್ನು ಯೇಸುಸ್ವಾಮಿ ಗುಣಪಡಿಸಿ “ಎಪ್ಫಥಾ” ಎಂದದ್ದರ ನೆನಪು ಅದು. ಆದರೆ ನಮ್ಮ ಹಳ್ಳಿಯ ಹೆಂಗಸಿಗೆ ಎಂಜಲು ಎಂದರೆ ಏನು? ಮಗುವಿಗೆ ಕೈತುತ್ತು ಕೊಡುವಾಗ ಬಿಟ್ಟರೆ, ಇನ್ನೊಬ್ಬರ ಎಂಜಲು ಮೈಗೆ ತಾಗಿಸುವುದು ಸಾಮಾನ್ಯ ಮಾತಲ್ಲ. ಮಧುರೆ ಮತ್ತು ಮೈಸೂರು ಮಿಷನ್ನಿನ ಗುರುಗಳು ಅದನ್ನು ಬಿಟ್ಟಿದ್ದರು.

ಜಗದ್ಗುರುಗಳ ಪ್ರತಿನಿಧಿಯಾಗಿ ಬಂದ ಟೂರ್ನೊ ಅವರು 1704ರಲ್ಲಿ ಪಾಂಡಿಚೇರಿಯಲ್ಲಿ ಒಂದು ಆಜ್ಞೆ ಹೊರಡಿಸಿದರು. ಎಂಜಲು, ಉಪ್ಪು ಬಿಡಬಾರದು. ರೋಮಿನ ಸಂತರ ಪಟ್ಟಿಯಲ್ಲಿರುವ ಹೆಸರನ್ನೇ ಇಡಬೇಕು. ತಾಳಿಯ ಮೇಲೆ ಪಿಳ್ಳೆಯಾರ್ ಚಿತ್ರ ಇರಬಾರದು. ಹುಡುಗಿ ಮೈನೆರೆದಾಗ ಹಬ್ಬ ಮಾಡಬಾರದು. ಇವುಗಳ ಜೊತೆ ಇನ್ನೆರಡು ಮಾತುಗಳೂ ಇದ್ದವು: ಮುಟ್ಟಾದ ಹೆಂಗಸನ್ನು ಪಾಪನಿವೇದನೆಯಿಂದ ದೂರ ಇಡಬಾರದು, ಕಾಯಿಲೆಯ ದಲಿತರ ಮನೆಗೇ ಗುರುಗಳು ಹೋಗಿ ಸಂಸ್ಕಾರ ಕೊಡಬೇಕು. ಈ ಎರಡನ್ನು ಓದಿದಾಗ ನಮಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಆಜ್ಞೆ ಹೊರಡಿಸಿ ಹೇಳಬೇಕಾಗಿತ್ತು ಎಂದರೆ ಪದ್ಧತಿ ಬೇರೆ ಇತ್ತೆಂದೇ ಅರ್ಥ.

1744ರಲ್ಲಿ ಜಗದ್ಗುರು 14ನೇ ಬೆನೆಡಿಕ್ಟರು ಈ ಜಗಳಕ್ಕೆ ತೀರ್ಪು ಕೊಟ್ಟರು. ಮಿಷನರಿಗಳು ಇದರ ಮೇಲೆ ಪ್ರಮಾಣ ಮಾಡಬೇಕಾದ ನಿಯಮ 1940ರ ತನಕ ಉಳಿಯಿತು. ಕೊಯಮತ್ತೂರಿನ ಮೊದಲ ಧರ್ಮಾಧ್ಯಕ್ಷ ಮರಿಯೋಂ ಬ್ರೆಸಿಯಾಕ್ ಅವರನ್ನೂ ಇದು ಕಾಡಿತು. 1846ರ ಅಕ್ಟೋಬರ್ 4ರಂದು ಕರುಮತ್ತಂಪಟ್ಟಿಯಲ್ಲೇ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ಯಾವ ಪದ್ಧತಿ ಬರೀ ರೂಢಿ, ಯಾವುದು ಮೂಢನಂಬಿಕೆ ಎಂದು ತಮಗೆ ಖಚಿತವಿಲ್ಲದೆ ಹೇಗೆ ಪ್ರಮಾಣ ಪಾಲಿಸುವುದು ಎಂಬ ಸಂಕಟದಲ್ಲಿ ಅವರು ಕೊನೆಗೆ ಹುದ್ದೆಯನ್ನೇ ಬಿಟ್ಟು ಹೊರಟರು. ಆಮೇಲೆ ಆಫ್ರಿಕಾ ಮಿಷನ್ ಸಂಸ್ಥೆ ಕಟ್ಟಿ, 1859ರಲ್ಲಿ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ತೀರಿಕೊಂಡರು.

ಹೆಸರಿನ ವಿಷಯದಲ್ಲಿ ನಮ್ಮವರು ಒಂದು ಜಾಣ ದಾರಿ ಹುಡುಕಿದ್ದರು. 1745ರಲ್ಲಿ ವಡಕ್ಕನ್‌ಕುಳಂನಲ್ಲಿ ದೀಕ್ಷಾಸ್ನಾನ ಪಡೆದ ನೀಲಕಂಠ ಪಿಳ್ಳೆಗೆ ಇಟ್ಟ ಹೆಸರು ಲಾಜರ್. ಆದರೆ ಕರೆದದ್ದು ಅದರ ತಮಿಳು ಅರ್ಥದಿಂದ: ದೇವಸಹಾಯಂ. 2022ರಲ್ಲಿ ಸಂತರೆಂದು ಘೋಷಿತರಾದ ದೇವಸಹಾಯಂ ಅವರೇ. ಇವತ್ತಿನ ಧರ್ಮಸಭೆಯ ಕಾನೂನು ಇನ್ನೂ ಸರಳ. 1983ರ ಸಂಹಿತೆಯ ಪ್ರಕಾರ ಹೆಸರು ಕ್ರೈಸ್ತ ಭಾವನೆಗೆ ವಿರುದ್ಧವಾಗಿ ಇರಬಾರದು, ಅಷ್ಟೇ. ಎಪ್ಪತ್ತು ವರ್ಷ ಊರೆಲ್ಲ ಕರೆದ ಹೆಸರನ್ನು ಅಜ್ಜಿ ಬಿಟ್ಟುಕೊಡಲೇಬೇಕೆಂದಿಲ್ಲ.

ದುಬ್ವಾ ಸ್ವಾಮಿಗಳ ಲೆಕ್ಕ

1773ರಲ್ಲಿ ಯೇಸುಸಭೆ ವಿಸರ್ಜನೆಯಾದ ಮೇಲೆ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಈ ಕೆಲಸ ವಹಿಸಿಕೊಂಡರು. ಅವರಲ್ಲಿ ನಮಗೆ ಹೆಚ್ಚು ಪರಿಚಿತರು ಅಬ್ಬೆ ದುಬ್ವಾ. 1799ರ ನಂತರ ಶ್ರೀರಂಗಪಟ್ಟಣದ ಕಡೆ ಚದುರಿ ಹೋದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದವರು. ಸಿಡುಬಿನ ಲಸಿಕೆ ಹಾಕಿಸುವುದರಲ್ಲೂ ಮುಂದೆ ನಿಂತವರು.

ಬಿಎಸ್ಸಿ ಓದಿದ ನಮಗೆ ಅಂಕಿ ಕಂಡರೆ ಅಲ್ಲೇ ನಿಲ್ಲುವ ಚಟ. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ದುಬ್ವಾ ಒಂದು ಲೆಕ್ಕ ಒಪ್ಪಿಸಿದ್ದಾರೆ. 25 ವರ್ಷ ದುಡಿದು ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದ್ದು ಗಂಡಸರು ಹೆಂಗಸರು ಸೇರಿ 200ರಿಂದ 300 ಮಂದಿ. ಅದರಲ್ಲೂ ಮೂರನೇ ಎರಡು ಪಾಲು ಅಸ್ಪೃಶ್ಯರು ಅಥವಾ ಭಿಕ್ಷುಕರು. ಅವರು ಇದನ್ನು ತಮ್ಮ ಸೋಲಿನ ಲೆಕ್ಕವೆಂದು ಬರೆದರು. ಬೇಸರದಲ್ಲೇ ಫ್ರಾನ್ಸಿಗೆ ಹಿಂದಿರುಗಿದರು.

ನಾವು ಅದೇ ಅಂಕಿಯನ್ನು ಬೇರೆ ರೀತಿ ಓದಿದೆವು. 25 ವರ್ಷಕ್ಕೆ 200–300 ಎಂದರೆ ವರ್ಷಕ್ಕೆ 8ರಿಂದ 12 ಜನ. ಊರಿಗೆ ಊರೇ ಸೇರಿದ್ದಲ್ಲ, ಒಬ್ಬೊಬ್ಬರಾಗಿ ಬಂದದ್ದು. ಭೂಮಿ ಇಲ್ಲದವರು, ಮನೆ ಇಲ್ಲದವರು, ಬೇರೆ ಎಲ್ಲ ಕಡೆ ಬಾಗಿಲ ಹೊರಗೆ ನಿಂತವರು. ಅವರ ಹೆಸರುಗಳನ್ನು ದುಬ್ವಾ ಆ ಪುಸ್ತಕದಲ್ಲಿ ಬರೆಯಲಿಲ್ಲ. ಅವರು ಏನೆಂದರು, ಯಾಕೆ ಬಂದರು ಎಂದು ಅವರ ಬಾಯಿಂದ ಕೇಳುವ ಅವಕಾಶ ನಮಗಿಲ್ಲ.

ಇದು ಬಡವರ ಕಥೆ ಮಾತ್ರ ಅಲ್ಲ. ರಾಣಿಯ ವಿಷಯದಲ್ಲೂ ಹೀಗೇ ಆಯಿತು. ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ಸಂತ ಹೆಲೆನಾ ವಯಸ್ಸಾದ ಮೇಲೆ ಕ್ರೈಸ್ತಳಾದವರು. ಮುಪ್ಪಿನಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿ, ಸುಮಾರು 80ರ ವಯಸ್ಸಿನಲ್ಲಿ ತೀರಿಕೊಂಡರು. ಆ ಕಾಲದ ಚರಿತ್ರೆಕಾರ ಯೂಸೇಬಿಯುಸ್ ಬರೆದದ್ದು ಏನು? ಮಗನೇ ತಾಯಿಯನ್ನು ಭಕ್ತಳನ್ನಾಗಿ ಮಾಡಿದ ಎಂದು. ತಾಯಿ ಏನೆಂದರು ಎಂದು ಅವರೂ ಬರೆಯಲಿಲ್ಲ. ಆ ಮಗ ಸ್ವತಃ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ತಡವಾಗಿ ಬರುವವರು ನಮ್ಮ ಧರ್ಮಸಭೆಗೆ ಹೊಸಬರೇನಲ್ಲ.

ಅಜ್ಜಿಗೆ ಕೇಳುವ ಪ್ರಶ್ನೆ

ಕಾಲಕ್ರಮದಲ್ಲಿ ಮಕ್ಕಳ ದೀಕ್ಷಾಸ್ನಾನವೇ ಸಾಮಾನ್ಯವಾಗಿ, ದೊಡ್ಡವರನ್ನು ಹಂತ ಹಂತವಾಗಿ ಸಿದ್ಧಪಡಿಸುವ ಹಳೆಯ ಪದ್ಧತಿ ಮರೆಯಾಯಿತು. ಎರಡನೇ ವ್ಯಾಟಿಕನ್ ಸಭೆ ಅದನ್ನು ಮತ್ತೆ ತರಲು ಹೇಳಿತು. 1972ರ ಜನವರಿ 6ರಂದು ಹೊಸ ವಿಧಿ ಪ್ರಕಟವಾಯಿತು. ಅದರಂತೆ ದೊಡ್ಡವರು ಮೊದಲು ದೇವಾಲಯದ ಬಾಗಿಲಲ್ಲಿ ಸ್ವಾಗತ ಪಡೆಯುತ್ತಾರೆ. ಕೆಲವು ತಿಂಗಳು ಅಥವಾ ವರ್ಷ ಕೇಳುತ್ತಾ, ಪ್ರಾರ್ಥಿಸುತ್ತಾ ಸಾಗುತ್ತಾರೆ. ತಪಸ್ಸು ಕಾಲದಲ್ಲಿ ಅವರ ಹೆಸರು ದಾಖಲಾಗುತ್ತದೆ. ಪಾಸ್ಖ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಕಾಯಿಲೆಯಿಂದ ಸಾವಿನ ಹತ್ತಿರ ಇರುವವರಿಗೆ ಮಾತ್ರ ಈ ದೀರ್ಘ ದಾರಿ ಬೇಕಿಲ್ಲ. ಮುಖ್ಯ ಸತ್ಯಗಳನ್ನು ಸ್ವಲ್ಪವಾದರೂ ತಿಳಿದು, ತಮ್ಮ ಇಚ್ಛೆಯನ್ನು ಹೇಗಾದರೂ ತೋರಿಸಿದರೆ ಸಾಕು.

ಇಲ್ಲಿ ಗಮನಿಸಬೇಕಾದದ್ದು ಒಂದು. ನಮಗೆಲ್ಲ ದೀಕ್ಷಾಸ್ನಾನವಾದಾಗ ಉತ್ತರ ಕೊಟ್ಟವರು ಅಪ್ಪ, ಅಮ್ಮ, ಜ್ಞಾನ ತಂದೆ, ಜ್ಞಾನ ತಾಯಿ. ನಾವು ಅಳುತ್ತಿದ್ದೆವು ಅಥವಾ ನಿದ್ದೆ ಮಾಡುತ್ತಿದ್ದೆವು. ಅಜ್ಜಿಗೆ ಹಾಗಲ್ಲ. ಪಕ್ಕದಲ್ಲಿ ಜ್ಞಾನ ತಾಯಿ ನಿಂತಿದ್ದರೂ ಉತ್ತರ ಅಜ್ಜಿಯದೇ ಆಗಬೇಕು. ಗುರುಗಳು “ವಿಶ್ವಾಸಿಸುತ್ತೀರಾ?” ಎಂದು ಕೇಳಿದಾಗ, ನಡುಗುವ ದನಿಯಲ್ಲಾದರೂ “ವಿಶ್ವಾಸಿಸುತ್ತೇನೆ” ಎಂದು ಅವರೇ ಹೇಳಬೇಕು. ಮಗ ಹೇಳುವಂತಿಲ್ಲ. ಉಪದೇಶಿ ಹೇಳುವಂತಿಲ್ಲ. ಜೀವಮಾನವಿಡೀ ಅಪ್ಪ, ಗಂಡ, ಮಗ ತೀರ್ಮಾನಿಸಿದ್ದನ್ನು ಕೇಳಿ ಬಂದ ಎಷ್ಟೋ ಅಜ್ಜಿಯರಿಗೆ, ಇಡೀ ಸಭೆ ಮೌನವಾಗಿ ನಿಂತು ತಮ್ಮ ಒಂದು ಮಾತಿಗೆ ಕಾಯುವ ಗಳಿಗೆ ಅದೇ ಮೊದಲಿರಬಹುದು.

ಏನು ಕಳೆದುಕೊಳ್ಳಬೇಕು?

ಹಾಗಾದರೆ ಇಷ್ಟು ತಡ ಯಾಕೆ? ವಿಶ್ವಾಸ ತಡವಾಗಿ ಬಂದಿರಬಹುದು. ಆದರೆ ಇನ್ನೊಂದು ಕಾರಣವನ್ನೂ ನಾವು ಮುಚ್ಚಿಡಬಾರದು. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಆ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಇಂದಿಗೂ ಹೊರಗೇ. ಕೊಯಮತ್ತೂರು, ತಿರುಪ್ಪೂರು, ಈರೋಡು ಕಡೆ ಅರುಂಧತಿಯರ್ ಸಮುದಾಯ ದೊಡ್ಡದು. ಅವರಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಕೆಲವರದು ಕನ್ನಡ. 2009ರಲ್ಲಿ ತಮಿಳುನಾಡು ಅವರಿಗೆ ಪರಿಶಿಷ್ಟ ಜಾತಿಯ ಮೀಸಲಾತಿಯೊಳಗೆ ಶೇ. 3ರ ಒಳಮೀಸಲಾತಿ ಕೊಟ್ಟಿತು. ದೀಕ್ಷಾಸ್ನಾನ ಪಡೆದ ಮೊಮ್ಮಗನಿಗೆ ಕಾಲೇಜು ಸೀಟು, ಕೆಲಸ ಎರಡೂ ಕೈತಪ್ಪಬಹುದು. ಅಜ್ಜಿಯ ಬಳಿ ಕಳೆದುಕೊಳ್ಳಲು ಸರ್ಟಿಫಿಕೇಟಿನ ಭಯವಿಲ್ಲ. ಹಾಗಾಗಿ ಮನೆಯಲ್ಲಿ ಅವರೊಬ್ಬರೇ ಮುಂದೆ ಬರಬಹುದು. ಉಳಿದವರನ್ನು ‘ಅರ್ಧ ವಿಶ್ವಾಸಿಗಳು’ ಎಂದು ನಾವು ನಗುವ ಮುಂಚೆ ಈ ಲೆಕ್ಕ ತಿಳಿದಿರಲಿ.

ಕಾನೂನೂ ಅಜ್ಜಿಯ ಬಗ್ಗೆ ಮಾತಾಡಿದೆ. 2002ರಲ್ಲಿ ತಮಿಳುನಾಡು ಬಲವಂತದ ಮತಾಂತರ ತಡೆ ಕಾನೂನು ತಂದಿತು, 2004ರಲ್ಲಿ ಹಿಂತೆಗೆದುಕೊಂಡಿತು. ಕರ್ನಾಟಕದಲ್ಲಿ 2022ರಲ್ಲಿ ಅಂಥದೇ ಕಾಯ್ದೆ ಬಂತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಬಲವಂತ, ಆಮಿಷ ತಪ್ಪು ಎಂಬುದರಲ್ಲಿ ನಮಗೆ ತಕರಾರಿಲ್ಲ. 1965ರಲ್ಲಿ ವ್ಯಾಟಿಕನ್ ಸಭೆ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಅದನ್ನೇ ಹೇಳಿದೆ. ಅಕ್ಕಿ ಮೂಟೆ ತೋರಿಸಿ ಕೊಟ್ಟ ದೀಕ್ಷಾಸ್ನಾನ ದೇವರಿಗೂ ಅವಮಾನ, ಆ ಮನುಷ್ಯರಿಗೂ ಅವಮಾನ. ಆದರೆ ಕರ್ನಾಟಕದ ಕಾಯ್ದೆಯಲ್ಲಿ ಹೆಚ್ಚಿನ ಶಿಕ್ಷೆಯ ಸಾಲನ್ನು ಓದಿ: ಅಪ್ರಾಪ್ತರು, ಬುದ್ಧಿ ಸ್ಥಿಮಿತವಿಲ್ಲದವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಎಲ್ಲರೂ ಒಂದೇ ಸಾಲಿನಲ್ಲಿ. ಮನೆ ನಡೆಸಿ, ಮಕ್ಕಳನ್ನು ಸಾಕಿ, ಸಾಲ ತೀರಿಸಿದ ಹೆಂಗಸು ತನ್ನ ಮನಸ್ಸನ್ನು ತಾನೇ ತಿಳಿದಿರಲಾರಳು ಎಂದಲ್ಲವೇ ಆ ಸಾಲು ಊಹಿಸುವುದು? ನಮ್ಮ ಬೆಂಚಿನ ಪಿಸುಮಾತೂ ಅದನ್ನೇ ಹೇಳಿತ್ತು.

ನಮ್ಮ ಗೋಡೆ

ಬೇರೆಯವರನ್ನು ಮಾತ್ರ ದೂರಿ ಮುಗಿಸಿದರೆ ಅದು ಚರಿತ್ರೆಯಾಗುವುದಿಲ್ಲ. ದೇವಸಹಾಯಂ ದೀಕ್ಷಾಸ್ನಾನ ಪಡೆದ ಅದೇ ವಡಕ್ಕನ್‌ಕುಳಂನಲ್ಲಿ 19ನೇ ಶತಮಾನದಲ್ಲಿ ಕಟ್ಟಿದ ದೇವಾಲಯಕ್ಕೆ ಎರಡು ರೆಕ್ಕೆಗಳಿದ್ದವು. ಒಂದರಲ್ಲಿ ಒಂದು ಜಾತಿಯವರು, ಇನ್ನೊಂದರಲ್ಲಿ ಉಳಿದವರು, ನಡುವೆ ಗೋಡೆ. 1910ರಲ್ಲಿ ಗುರುಗಳು ಆ ಗೋಡೆ ಕೆಡವಿಸಿದರು. ಗಲಾಟೆಯೂ ಆಯಿತು. ಒಂದೇ ನೀರಿನಲ್ಲಿ ಮಿಂದವರು ಒಂದೇ ಕಡೆ ಕೂರಲು ಒಪ್ಪಲಿಲ್ಲ.

ಹಳ್ಳಿಯ ಅಜ್ಜಿ ನಮ್ಮ ದೇವಾಲಯಕ್ಕೆ ಬಂದಾಗ ಅಂಥ ಗೋಡೆ ಕಣ್ಣಿಗೆ ಕಾಣದೆ ಇರಬಹುದು. ಪೂಜೆ ಮುಗಿದ ಮೇಲೆ ಅವರ ಜೊತೆ ಯಾರು ಮಾತಾಡುತ್ತಾರೆ? ಸಂಘದ ಸಭೆಗೆ ಅವರನ್ನು ಕರೆಯುತ್ತಾರಾ? ಕಾಯಿಲೆ ಬಿದ್ದರೆ ಪರಮಪ್ರಸಾದ ಮನೆಗೆ ಹೋಗುತ್ತದಾ? ಮಕ್ಕಳು ಕ್ರೈಸ್ತರಲ್ಲದ ಮನೆಯಲ್ಲಿ ಅವರು ತೀರಿಕೊಂಡರೆ, ಮಣ್ಣು ಮಾಡುವ ವಿಷಯದಲ್ಲಿ ಆ ಮಕ್ಕಳ ನೋವನ್ನೂ ಕೇಳಿಸಿಕೊಂಡು ಜೊತೆ ನಿಲ್ಲುವವರು ಯಾರು? ದೀಕ್ಷಾಸ್ನಾನದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುವುದು ಸುಲಭ. ಅದಕ್ಕೂ ಮುಂಚೆ, ಹಾಕಬಹುದೇ ಎಂದು ಅಜ್ಜಿಯನ್ನೇ ಕೇಳಬೇಕು.

ಹಾಗಾಗಿ ಯುವ ಮಿತ್ರರೇ, ನಮ್ಮಿಂದ ಆಗುವ ಸಣ್ಣ ಕೆಲಸಗಳಿವೆ. ದೀಕ್ಷಾಸ್ನಾನಕ್ಕೆ ಸಿದ್ಧರಾಗುವ ಹಿರಿಯರು ನಮ್ಮ ಧರ್ಮಕೇಂದ್ರದಲ್ಲಿದ್ದರೆ ವಾರಕ್ಕೆ ಒಂದು ಸಂಜೆ ಅವರ ಮನೆಗೆ ಹೋಗೋಣ. ಅವರ ಮನೆಮಾತಿನಲ್ಲೇ ಪ್ರಾರ್ಥನೆ ಹೇಳಿ ಕೊಡೋಣ. ಅವರು ಹೇಳುವ ಕಥೆಯನ್ನು, ಅವರು ಒಪ್ಪಿದರೆ, ಅವರ ಮಾತಿನಲ್ಲೇ ಬರೆದಿಡೋಣ. ದುಬ್ವಾ ಬರೆಯದೆ ಬಿಟ್ಟದ್ದು ಅದನ್ನೇ.

ಪಾಸ್ಖ ರಾತ್ರಿ ಅಜ್ಜಿಯ ಉತ್ತರವಾದ ಮೇಲೆ ಗುರುಗಳು ನಮ್ಮ ಕಡೆ ತಿರುಗುತ್ತಾರೆ. ಕೈಯಲ್ಲಿ ಉರಿಯುವ ಮೇಣದ ಬತ್ತಿ ಹಿಡಿದು ನಾವೂ ಅದೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮಗುವಾಗಿದ್ದಾಗ ಬೇರೆಯವರು ನಮ್ಮ ಪರವಾಗಿ ಹೇಳಿದ ಮಾತು ಅದು. ಎಷ್ಟೋ ವರ್ಷ ನಾವದನ್ನು ಗುಂಪಿನಲ್ಲಿ ಗೊಣಗಿ ಮುಗಿಸಿದ್ದೇವೆ. ಈ ಸಲ ಅಜ್ಜಿ ಹೇಳಿದ ಹಾಗೆ, ನಾವೇ ಹೇಳೋಣ.

ಯೇಸುವಿನಲ್ಲಿ,
ನಿಮ್ಮ ಯುವಜನ ಬಳಗ